ಮಳೆಗಾಲ ಬರುವ ಮುಂಚೆ: ಕೊಡಗಿನ ತೋಟದ ಮನೆಯನ್ನು ಅಣಿ ಮಾಡುವ ಬಗೆ

ನಾನು ಹುಟ್ಟಿ ಬೆಳೆದದ್ದು ಕುಶಾಲನಗರದಲ್ಲಿ. ಮದುವೆಯಾಗಿ ಬಂದದ್ದು ಚೇರಂಬಾಣೆ ಹತ್ತಿರದ ಒಂದು ತೋಟದ ಮನೆಗೆ. ಎರಡೂ ಕೊಡಗೇ. ಆದರೆ ಮಳೆ ಮಾತ್ರ ಬೇರೆ ಬೇರೆ ದೇಶದ್ದು. ನಾವಿರುವ ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುವುದುಂಟು. ಕುಶಾಲನಗರದಲ್ಲಿ ಅದರ ಮೂರನೇ ಒಂದು ಪಾಲೂ ಬೀಳುವುದಿಲ್ಲ.

ಬಂದ ವರ್ಷವೇ ಜುಲೈನಲ್ಲಿ ಮದುವೆ ಸೀರೆ ತೆಗೆಯೋಣ ಅಂತ ಬೀರು ತೆರೆದೆ. ಜರಿ ಅಂಚಿನ ಮೇಲೆ ಬೂದು ಬಣ್ಣದ ಬೂಷ್ಟು. ಒರೆಸಿದರೆ ಹಿಟ್ಟಿನ ಹಾಗೆ ಬೆರಳಿಗೆ ಅಂಟುತ್ತಿತ್ತು. ಅತ್ತೆ ಬಂದು ನೋಡಿದರು. ಸೀರೆ ಬಗ್ಗೆ ಒಂದು ಮಾತಿಲ್ಲ. "ಬೀರು ಗೋಡೆಗೆ ಒತ್ತಿ ಇಟ್ಟದ್ದು ಯಾರು?" ಅಂತ ಮಾತ್ರ ಕೇಳಿದರು.

ಈ ಮನೆಯಲ್ಲಿ ಹತ್ತೊಂಬತ್ತು ಮಳೆಗಾಲ ಕಳೆದ ಮೇಲೆ ನನಗೆ ಆ ಪ್ರಶ್ನೆ ಪೂರ್ತಿ ಅರ್ಥವಾಗಿದೆ. ಮಳೆ ಹಿಡಿದ ಮೇಲೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ನೀರಿಗೆ ದಾರಿ, ಗಾಳಿಗೆ ಸಂದು, ಎರಡನ್ನೂ ಬಿಸಿಲಿರುವಾಗಲೇ ಮಾಡಿಟ್ಟಿರಬೇಕು. ಹಾಗಾಗಿ ಕೆಲಸಗಳನ್ನು ಯಾವ ತಿಂಗಳಲ್ಲಿ ಮಾಡುತ್ತೇವೋ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಫೆಬ್ರವರಿ, ಮಾರ್ಚ್: ಸೌದೆ

ಗ್ಯಾಸ್ ಇದೆಯಲ್ಲ, ಸೌದೆ ಯಾಕೆ ಅಂತ ಕೇಳುವವರು ಒಂದು ಜುಲೈ ಇಲ್ಲಿ ಕಳೆಯಬೇಕು. ಒಲೆ ಇರುವುದು ಅನ್ನ ಬೇಯಿಸೋಕೆ ಮಾತ್ರ ಅಲ್ಲ. ಸ್ನಾನದ ನೀರು, ಮಕ್ಕಳ ಯೂನಿಫಾರ್ಮ್, ಅಟ್ಟದ ಮೇಲಿನ ಸಾಮಾನು, ಎಲ್ಲ ಅದರ ಬಿಸಿಯಲ್ಲೇ ನಡೆಯಬೇಕು.

ತೋಟದ ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳನ್ನು ಸವರುವಾಗ, ಸಿಗುವ ಕೊಂಬೆಗಳೇ ನಮ್ಮ ಸೌದೆ. ಆದರೆ ಎಲ್ಲ ಮರ ಒಂದೇ ಅಲ್ಲ. ಸಿಲ್ವರ್ ಓಕ್ ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಒಲೆ ಹಚ್ಚೋಕೆ ಸರಿ. ಹಾಲುವಾಣ ಮೆತ್ತಗಿನ ಮರ, ಹೊರುವ ಶ್ರಮಕ್ಕೂ ಸಾಲುವುದಿಲ್ಲ. ಹಳೆ ಕಾಫಿ ಗಿಡ ಕಿತ್ತಾಗ ಸಿಗುವ ಬೊಡ್ಡೆ ಇದೆಯಲ್ಲ, ಅದು ಚಿನ್ನ. ರಾತ್ರಿ ಬಚ್ಚಲೊಲೆಗೆ ಒಂದು ತಳ್ಳಿದರೆ ಬೆಳಗ್ಗೆ ಬೂದಿ ಕೆದಕಿದಾಗಲೂ ಕೆಂಡ ಇರುತ್ತದೆ.

ಕಡಿದದ್ದನ್ನು ಫೆಬ್ರವರಿ ಮುಗಿಯುವುದರೊಳಗೆ ಸೀಳಿಸಿಬಿಡಿ. ದುಂಡಗೆ ಬಿಟ್ಟರೆ ಸಿಪ್ಪೆಯೊಳಗಿನ ನೀರು ಹೋಗುವುದಿಲ್ಲ. ಅಂಗಳದ ಬಿಸಿಲಿನಲ್ಲಿ ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ನಡುವೆ ಗಾಳಿಯಾಡಲು ಬಿಡಿ. ಮಾರ್ಚಿನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಬಂದಾಗ ಕಾಫಿಗೆ ಹಬ್ಬ, ಸೌದೆಗೆ ಕಷ್ಟ. ಆಗ ಟಾರ್ಪಾಲನ್ನು ಮೇಲೆ ಮಾತ್ರ ಹೊದಿಸಿ, ಪಕ್ಕಗಳನ್ನು ತೆರೆದೇ ಇಡಿ. ನಾನು ಒಮ್ಮೆ ಜಾಣತನ ಮಾಡಿ ನೆಲದವರೆಗೂ ಸುತ್ತಿಬಿಟ್ಟಿದ್ದೆ. ಒಳಗೆ ಹಬೆ ಕಟ್ಟಿ ಸೌದೆಗೆ ಅಣಬೆ ಎದ್ದಿತ್ತು.

ಒಣಗಿದೆಯೋ ಇಲ್ಲವೋ ನೋಡಲು ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯಿರಿ. ಟಣ್ ಅಂತ ಗಟ್ಟಿ ಸದ್ದು ಬಂದರೆ ಒಣಗಿದೆ. ದಬ್ ಅಂದರೆ ಇನ್ನೂ ಹಸಿ. ತುದಿಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಟ್ಟಿರುವುದೂ ಒಳ್ಳೆ ಗುರುತು.

ಮೇ ಮಧ್ಯದೊಳಗೆ ಸೌದೆ ಕೊಟ್ಟಿಗೆ ಸೇರಬೇಕು. ನೆಲಕ್ಕೆ ತಾಗುವಂತಿಲ್ಲ. ಎರಡು ಸಾಲು ಕಲ್ಲಿಟ್ಟು, ಅದರ ಮೇಲೆ ಹಳೆ ಅಡಕೆ ಮರದ ಸೀಳು ಹಾಸಿ, ಆಮೇಲೆ ಪೇರಿಸಿ. ಗೋಡೆಗೂ ಸೌದೆಗೂ ನಡುವೆ ಒಂದು ಗೇಣು ಜಾಗ ಬಿಡಿ. ಐದು ಜನರ ನಮ್ಮ ಮನೆಗೆ ಎದೆಯೆತ್ತರ, ನಾಲ್ಕು ಮಾರು ಉದ್ದದ ರಾಶಿ ಸೆಪ್ಟೆಂಬರ್ ತನಕ ಬರುತ್ತದೆ. ಮೂರು ದಿನಕ್ಕಾಗುವಷ್ಟನ್ನು ಯಾವಾಗಲೂ ಒಲೆ ಪಕ್ಕ ತಂದಿಟ್ಟುಕೊಳ್ಳಿ. ರಾಶಿಗೆ ಕೈ ಹಾಕುವ ಮುಂಚೆ ಕೋಲಿನಿಂದ ಬಡಿಯುವುದನ್ನು ಮಾತ್ರ ಮರೆಯಬೇಡಿ. ಬೆಚ್ಚಗಿನ ಜಾಗ ಹಾವಿಗೂ ಬೇಕಲ್ವಾ.

ಏಪ್ರಿಲ್: ಮಾಡು

ಹೆಂಚಿನ ಮನೆಯಾದರೆ ಒಂದು ಒಳ್ಳೆ ಬಿಸಿಲಿನ ದಿನ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಟ್ಟ ಹತ್ತಿ. ಲೈಟ್ ಹಾಕಬೇಡಿ. ಐದು ನಿಮಿಷ ಕತ್ತಲಲ್ಲಿ ಸುಮ್ನೆ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ. ಎಲ್ಲೆಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೋ ಅಲ್ಲೆಲ್ಲ ಮಳೆ ಬರುತ್ತದೆ. ಆ ಜಾಗದ ರೀಪಿಗೆ, ಅಂದರೆ ಹೆಂಚು ಕೂರುವ ಅಡ್ಡಪಟ್ಟಿಗೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ರೀಪಿನ ಮೇಲೆ ಹಳೆ ನೀರಿನ ಕಂದು ಕಲೆ ಇದ್ದರೆ ಅದಕ್ಕೂ ಗುರುತು ಹಾಕಿ. ಕಲೆ ಇರುವಲ್ಲೇ ಹೆಂಚು ಒಡೆದಿರಬೇಕೆಂದಿಲ್ಲ. ನೀರು ಪಕಾಸಿನ, ಅಂದರೆ ಮಾಡಿನ ಇಳಿಜಾರು ತೊಲೆಯ, ಗುಂಟ ಜಾರಿ ಎರಡು ಮೂರು ಅಡಿ ಕೆಳಗೆ ತೊಟ್ಟಿಕ್ಕುತ್ತದೆ. ಕಲೆಯಿಂದ ಮೇಲಕ್ಕೆ ಹುಡುಕುತ್ತಾ ಹೋಗಿ.

ಕೆಲಸದವರು ಬಂದಾಗ ಈ ಗುರುತುಗಳನ್ನು ನೀವೇ ತೋರಿಸಿ. ಒಂದು ವರ್ಷ ಒಬ್ಬ ಮೇಸ್ತ್ರಿಗೆ "ಎಲ್ಲ ನೋಡಿಬಿಡಿ" ಅಂತ ಹೇಳಿ ಸಂತೆಗೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಒಡೆದ ಏಳು ಹೆಂಚು ಬದಲಾಗಿದ್ದವು, ಕಾಲಿಟ್ಟು ಒಡೆದ ಹನ್ನೊಂದು ಹೊಸದಾಗಿ ಸೇರಿದ್ದವು. ಹೆಂಚಿನ ಮೇಲೆ ನೇರ ಕಾಲಿಡುವಂತಿಲ್ಲ. ಏಣಿಯನ್ನು ಮಾಡಿನ ಮೇಲೆ ಮಲಗಿಸಿ, ಅದರ ಮೇಲೆ ನಡೆಯಬೇಕು. ಮಳೆ ಬಿದ್ದು ಪಾಚಿ ಕಟ್ಟಿದ ಮೇಲಂತೂ ಯಾರನ್ನೂ ಹತ್ತಿಸಬೇಡಿ.

ಎರಡು ಮಾಡು ಸೇರುವ ಕಡೆ ಇರುವ ತಗಡಿನ ದೋಣಿಯನ್ನು ಕೈಯಾರೆ ಬಾಚಿ ತೆಗೆಯಿರಿ. ಒಣ ಎಲೆಯ ಒಂದು ಹಿಡಿ ಸಾಕು, ನೀರು ಉಕ್ಕಿ ಗೋಡೆಯೊಳಗೆ ಇಳಿಯಲು. ನಮ್ಮ ಮನೆಯ ಸೋರಿಕೆಯಲ್ಲಿ ಅರ್ಧ ಈ ದೋಣಿಯಿಂದಲೇ ಆದದ್ದು. ತಗಡಿನ ಶೀಟ್ ಹಾಕಿದವರು ಸ್ಕ್ರೂಗಳ ರಬ್ಬರ್ ವಾಷರ್ ನೋಡಿ. ಬಿಸಿಲಿಗೆ ಅದು ಬಿರಿದುಹೋಗುತ್ತದೆ. ಇಪ್ಪತ್ತು ಮೂವತ್ತು ಹೆಂಚು ಹೆಚ್ಚಿಗೆ ಇಟ್ಟುಕೊಳ್ಳಿ. ಮಂಗಗಳು ಮಳೆಗಾಲದಲ್ಲೂ ರಜೆ ಹಾಕುವುದಿಲ್ಲ.

ಮೇ: ಚರಂಡಿ ಮತ್ತು ಬರೆ

ಇಷ್ಟರಲ್ಲಿ ಒಂದೇ ಕೆಲಸ ಮಾಡುವಷ್ಟು ಸಮಯ ಇದೆ ಅಂದರೆ ಇದನ್ನು ಮಾಡಿ.

ನಮ್ಮಲ್ಲಿ ಹೆಚ್ಚಿನ ಮನೆಗಳು ಗುಡ್ಡ ತಗ್ಗಿಸಿ ಕಟ್ಟಿದವು. ಮನೆ ಹಿಂದೆ ನೆಟ್ಟಗೆ ನಿಂತ ಮಣ್ಣಿನ ಬರೆ ಇರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಇಳಿದುಬಂದವು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅಂಥದ್ದನ್ನು ಯಾವ ಚರಂಡಿಯೂ ತಡೆಯುವುದಿಲ್ಲ. ಆದರೆ ಪ್ರತಿವರ್ಷ ಅಡುಗೆಮನೆ ಗೋಡೆಗೆ ಬಂದು ಬೀಳುವ ಸಣ್ಣ ಸಣ್ಣ ಬರೆ ಕುಸಿತಗಳಲ್ಲಿ ಬಹಳಷ್ಟನ್ನು ಗುದ್ದಲಿ ಹಿಡಿದೇ ತಪ್ಪಿಸಬಹುದು.

ಬರೆಯ ಬುಡದಿಂದ ಶುರುಮಾಡಬೇಡಿ, ಮೇಲಿನಿಂದ ಶುರುಮಾಡಿ. ಬರೆಯ ತಲೆಯಿಂದ ಹತ್ತು ಹದಿನೈದು ಅಡಿ ಹಿಂದೆ, ಗುಡ್ಡಕ್ಕೆ ಅಡ್ಡವಾಗಿ ಒಂದು ಚರಂಡಿ ಬೇಕು. ಮೇಲಿಂದ ಬರುವ ನೀರನ್ನು ಅದು ಹಿಡಿದು ಮನೆಯ ಪಕ್ಕಕ್ಕೆ ಸಾಗಿಸಬೇಕು. ಒಂದೂವರೆ ಅಡಿ ಅಗಲ, ಒಂದಡಿ ಆಳ ಇದ್ದರೆ ನಮ್ಮಂಥ ಮನೆಗೆ ಸಾಕು. ಮುಖ್ಯವಾದದ್ದು ಇಳಿಜಾರು. ತೋಡಿದ ಮೇಲೆ ನಾಲ್ಕು ಕೊಡ ನೀರು ಸುರಿದು ಅದರ ಜೊತೆಗೇ ನಡೆಯಿರಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಕೆರೆದು ಸರಿಮಾಡಿ. ಚರಂಡಿಯಲ್ಲಿ ನಿಂತ ನೀರು ಮಣ್ಣಿಗೆ ಇಂಗಿ ಬರೆಯನ್ನು ಒಳಗಿನಿಂದಲೇ ಮೆತ್ತಗೆ ಮಾಡುತ್ತದೆ. ಇಳಿಜಾರಿಲ್ಲದ ಚರಂಡಿಗಿಂತ ಚರಂಡಿ ಇಲ್ಲದಿರುವುದೇ ವಾಸಿ.

ನೀರು ಕೊನೆಗೆ ಎಲ್ಲಿ ಬೀಳುತ್ತದೆ ಅಂತಲೂ ನೋಡಿ. ನಮ್ಮದು ಮೊದಲು ಕೆಳಗಿನ ಮನೆಯವರ ಕಣದ ಅಂಚಿಗೆ ಬೀಳುತ್ತಿತ್ತು. ಅವರು ಏನೂ ಹೇಳಲಿಲ್ಲ, ಆದರೆ ಆ ವರ್ಷ ಸುಗ್ಗಿಹಬ್ಬ ಹುತ್ತರಿಗೂ ಮಾತಾಡಲಿಲ್ಲ. ಈಗ ಇಬ್ಬರೂ ಸೇರಿ ಕಲ್ಲು ಕಟ್ಟಿ ತೋಡಿಗೆ, ಅಂದರೆ ಹಳ್ಳಕ್ಕೆ, ಬಿಟ್ಟಿದ್ದೇವೆ.

ಆಮೇಲೆ ಬರೆಯ ಬುಡ. ಅಲ್ಲಿ ಬಿದ್ದ ಮಣ್ಣನ್ನು ತೆಗೆಯುವಾಗ ಬುಡವನ್ನು ಕೆರೆದು ನೆಟ್ಟಗೆ ಮಾಡಬೇಡಿ. ಕಾಲು ಕಡಿದರೆ ಮೇಲಿನದು ನಿಲ್ಲುತ್ತದೆಯೇ? ಬರೆ ಮೇಲಿನ ಹುಲ್ಲು, ಜರಿಗಿಡಗಳನ್ನು ಚೆಂದಕ್ಕೆ ಅಂತ ಬೋಳಿಸಬೇಡಿ. ಬರೆ ಅಂಚಿನಲ್ಲಿ ಭಾರದ ಮರ ವಾಲಿದ್ದರೆ ಕೊಂಬೆ ಕಡಿಸಿ ಹಗುರ ಮಾಡಿ, ಬೇರು ಕೀಳಿಸಬೇಡಿ.

ಮಳೆ ಬಿಡದೆ ಹೊಡೆಯುವಾಗ ಕೆಲವು ಗುರುತುಗಳ ಮೇಲೆ ಕಣ್ಣಿರಲಿ. ನೆಲದಲ್ಲಿ ಅಥವಾ ಅಂಗಳದಲ್ಲಿ ಹೊಸ ಬಿರುಕು. ನಿನ್ನೆ ಸರಿಯಾಗಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ಮರ, ಕಂಬ ವಾಲುವುದು. ಎಂದೂ ಇಲ್ಲದ ಕಡೆ ನೀರು ಚಿಮ್ಮುವುದು. ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಅಥವಾ ಅಷ್ಟು ಮಳೆಯಲ್ಲೂ ಕಡಿಮೆಯಾಗುವುದು. ಇದರಲ್ಲಿ ಒಂದು ಕಂಡರೂ ರಾತ್ರಿಯಾಗಲು ಕಾಯಬೇಡಿ, ದನಗಳ ಹಗ್ಗ ಬಿಚ್ಚಿ ಮನೆಯಿಂದ ಹೊರಡಿ. 112ಕ್ಕೆ ಫೋನ್ ಮಾಡುವುದು ಹೊರಟ ಮೇಲೆ. ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ, ಅತ್ತೆಯ ಬಿಪಿ ಮಾತ್ರೆ, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ನಾವು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕುತ್ತೇವೆ. ಜೂನ್ ಒಂದರಿಂದ ಸೆಪ್ಟೆಂಬರ್ ತನಕ ಅದು ಅಲ್ಲೇ.

ಜೂನ್: ಮನೆಯ ಒಳಗೆ

ಈಗ ಬೀರುವಿನ ವಿಷಯ. ಮಳೆ ಹೊಡೆಯುವ ದಿಕ್ಕಿನ ಗೋಡೆ ತಣ್ಣಗಿರುತ್ತದೆ. ನಮ್ಮಲ್ಲಿ ಅದು ಪಡುವಣ ಗೋಡೆ. ಬೀರು, ಮಂಚ, ಅಕ್ಕಿ ಡ್ರಮ್, ಏನೇ ಇರಲಿ, ಎಲ್ಲವನ್ನೂ ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಬೀರುವನ್ನು ಒಳಗೋಡೆಗೆ ಸಾಗಿಸಿದರೆ ಇನ್ನೂ ಒಳ್ಳೆಯದು.

ಬಟ್ಟೆ ಮಡಿಸಿಡುವ ಮುಂಚೆ ಮೇ ತಿಂಗಳ ಬಿಸಿಲು ಕಾಣಿಸಿ, ತಣ್ಣಗಾದ ಮೇಲೆ ಒಳಗಿಡಿ. ರೇಷ್ಮೆಯನ್ನು ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಗೆ ಸಾಕು. ಹಳೆ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ನುಸಿಗುಳಿಗೆ ಹುಳಕ್ಕೆ ಮದ್ದು, ಬೂಷ್ಟಿಗಲ್ಲ. ಬೂಷ್ಟಿಗೆ ಸುಟ್ಟ ಸುಣ್ಣದ ಹರಳು ಕೆಲಸ ಮಾಡುತ್ತದೆ. ಅರ್ಧ ಮಡಕೆ ಹರಳು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಬೀರುವಿನ ತಳದಲ್ಲಿಡಿ. ತೇವ ಹೀರಿ ಹರಳು ಪುಡಿಯಾದಾಗ ಬದಲಿಸಿ. ಪುಡಿಯಾಗುವಾಗ ಅದು ಉಬ್ಬುತ್ತದೆ, ಅದಕ್ಕೇ ಅರ್ಧ ಮಡಕೆ ಅಂದದ್ದು. ನೀರು ತಾಗಿದರೆ ಕುದಿಯುತ್ತದೆ, ಮಕ್ಕಳ ಕೈಗೆ ಸಿಗದಿರಲಿ.

ದಿನದ ಬಟ್ಟೆ ಒಣಗಿಸುವುದೇ ದೊಡ್ಡ ಪಾಡು. ಒಲೆಯ ಮೇಲೆ, ಬೆಂಕಿಯಿಂದ ಆರಡಿ ಎತ್ತರದಲ್ಲಿ ಬಿದಿರಿನ ಗಳ ಕಟ್ಟಿ. ಮೊದಲು ವರಾಂಡದ ಹಗ್ಗದಲ್ಲಿ ಒಂದು ದಿನ ನೀರು ಇಳಿಯಲಿ, ಎರಡನೇ ದಿನ ಗಳಕ್ಕೆ ಬರಲಿ. ನೇರ ತಂದರೆ ಹೊಗೆ ವಾಸನೆ ಹಿಡಿಯುತ್ತದೆ, ಒಣಗುವುದೂ ಇಲ್ಲ. ಕೂಸಿನ ಬಟ್ಟೆಗೆ ಹಿಂದಿನವರು ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಒಣಗಿಸುತ್ತಿದ್ದರು. ಈಗಲೂ ಮಾಡಬಹುದು. ಆದರೆ ಕೆಂಡದ ಬಾಣಲೆಯನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿಟ್ಟು ಯಾರೂ ಮಲಗಬಾರದು. ಅದರ ವಿಷಗಾಳಿಗೆ ವಾಸನೆ ಇಲ್ಲ. ನಿದ್ರೆಯಲ್ಲೇ ಪ್ರಾಣ ಹೋಗುತ್ತದೆ.

ಉಪ್ಪನ್ನು ಭರಣಿಯಲ್ಲಿ ಹಾಕಿ ಒಲೆಗೆ ಹತ್ತಿರದ ಗೂಡಿನಲ್ಲಿಡಿ. ಬೆಂಕಿಪೊಟ್ಟಣಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಕಾಫಿಪುಡಿ ಒಮ್ಮೆಗೆ ಕಾಲು ಕೆಜಿಗಿಂತ ಜಾಸ್ತಿ ತರಬೇಡಿ. ಕಾಳುಮೆಣಸು ಹಲ್ಲಿಗೆ ಹಾಕಿದರೆ ಚಟ್ ಅಂತ ಒಡೆಯಬೇಕು. ನಜ್ಜುಗುಜ್ಜಾದರೆ ಒಲೆ ಅಟ್ಟಕ್ಕೆ ಕಳಿಸಿ. ಹಲಸಿನ ಬೀಜಕ್ಕೆ ಕೆಂಪು ಮಣ್ಣು ಮೆತ್ತಿ ಮೂಲೆಯಲ್ಲಿ ಗುಡ್ಡೆ ಹಾಕಿದರೆ ತಿಂಗಳುಗಟ್ಟಲೆ ಸಾರಿಗೆ ಬರುತ್ತದೆ.

ಅಂಗಳದ ಮೆಟ್ಟಿಲಿಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಉದುರಿಸಿ, ಅರ್ಧ ಗಂಟೆ ಬಿಟ್ಟು ಕಡ್ಡಿ ಪೊರಕೆಯಿಂದ ಉಜ್ಜಿ. ಅದರ ಜೊತೆ ಟಾಯ್ಲೆಟ್ ಆ್ಯಸಿಡ್ ಬೆರೆಸಬೇಡಿ, ಗಂಟಲು ಸುಡುವ ಗಾಳಿ ಏಳುತ್ತದೆ.

ಬಾವಿ

ತೆರೆದ ಬಾವಿ ಇರುವವರು ಇದನ್ನು ಓದಲೇಬೇಕು. ಮಳೆಗಾಲದಲ್ಲಿ ಮೇಲಿನ ಕೊಳೆಯೆಲ್ಲ ಬಾವಿಗೆ ಇಳಿಯುತ್ತದೆ. ಕಟ್ಟೆ ಎರಡೂವರೆ ಅಡಿಯಾದರೂ ಇರಲಿ, ಸುತ್ತ ಸಿಮೆಂಟ್ ಇಳಿಜಾರು ಇರಲಿ, ಮೇಲೆ ಬಲೆ ಇರಲಿ.

ಬ್ಲೀಚಿಂಗ್ ಪೌಡರನ್ನು ಎಲ್ಲರೂ ಅಂದಾಜಿನಲ್ಲಿ ಒಂದು ಹಿಡಿ ಎಸೆಯುತ್ತಾರೆ. ಹಾಗೆ ಮಾಡಬೇಡಿ, ಲೆಕ್ಕ ಸುಲಭ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದ ಉದ್ದದಿಂದ ನೀರಿನ ಆಳ ತಿಳಿಯಿರಿ. ಅಗಲವನ್ನು ಅಗಲದಿಂದಲೇ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, ಆಳದಿಂದ ಗುಣಿಸಿ. ನಮ್ಮ ಬಾವಿ 2 ಮೀಟರ್ ಅಗಲ, ಜುಲೈನಲ್ಲಿ ನೀರು 4 ಮೀಟರ್. ಸುಮಾರು 12.5 ಘನ ಮೀಟರ್, ಅಂದರೆ 12,500 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಹೊಸ ಪುಡಿ ಬೇಕು. ಒಟ್ಟು 31 ಗ್ರಾಂ.

ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ. ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ, ನೀರೊಳಗೆ ಮೇಲೆ ಕೆಳಗೆ ಆಡಿಸಿ. ಸಂಜೆ ಮಾಡಿದರೆ ಅನುಕೂಲ, ಒಂದು ಗಂಟೆಯಂತೂ ನೀರು ಸೇದಬಾರದು. ನೀರು ಕೆಂಪಗೆ ಕದಡಿದ್ದರೆ ಪುಡಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹೇಗೂ ಕುಡಿಯುವುದನ್ನು ಕುದಿಸಿ. ಒಲೆ ಹೇಗೂ ಉರಿಯುತ್ತಿರುತ್ತದಲ್ಲ.

ಜುಲೈ, ಆಗಸ್ಟ್: ಕಕ್ಕಡದ ಅಡುಗೆ

ಈ ಜಡಿಮಳೆಯ ತಿಂಗಳಿಗೆ ಕೊಡವರ ಮನೆಯಲ್ಲಿ ಕಕ್ಕಡ ಅನ್ನುತ್ತಾರೆ, ನಮ್ಮ ಅರೆಭಾಷೆ ಮನೆಗಳಲ್ಲಿ ಆಟಿ. ಹೆಸರು ಬೇರೆ, ಹಸಿವು ಒಂದೇ.

ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಈ ತಿಂಗಳಿನದು. ಸ್ವಂತ ತೋಟದ ಬಿದಿರಿನದ್ದೇ ಕಡಿಯಿರಿ, ಕಾಡಿನಿಂದ ತಂದರೆ ಕೇಸು. ಹೊರಸಿಪ್ಪೆಯ ರೋಮ ತುರಿಕೆ ತರಿಸುತ್ತದೆ, ಕೈಗೆ ಎಣ್ಣೆ ಹಚ್ಚಿಕೊಳ್ಳಿ. ಒಳಗಿನ ಬಿಳಿ ಭಾಗವನ್ನು ತೆಳ್ಳಗೆ ಹೆಚ್ಚಿ ನೀರಲ್ಲಿ ಮುಳುಗಿಸಿ. ಎರಡು ಮೂರು ದಿನ, ದಿನಾ ನೀರು ಬದಲಿಸಬೇಕು. ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ಅದಕ್ಕೇ ಇಷ್ಟೊಂದು ಉಪಚಾರ. ಅವಸರದಲ್ಲಿ ಒಂದೇ ದಿನಕ್ಕೆ ಸಾರು ಮಾಡುವವರ ಮನೆಯಲ್ಲಿ ನಾನು ಉಣ್ಣುವುದಿಲ್ಲ. ಅಣಬೆಯ ವಿಷಯದಲ್ಲಿ ನನ್ನ ನಿಯಮ ಇನ್ನೂ ಬಿಗಿ. ಅತ್ತೆ ಕೈಯಲ್ಲಿ ಹಿಡಿದು ನೋಡಿ ಹೂಂ ಅನ್ನದೆ ಯಾವುದೂ ಒಲೆಗೇರುವುದಿಲ್ಲ.

ಆಗಸ್ಟ್ 3, ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದುಸೊಪ್ಪು ಅನ್ನುವ ಗಿಡದ ಎಲೆಯಲ್ಲಿ ಹದಿನೆಂಟು ಬಗೆ ಔಷಧಿ ಸೇರುತ್ತದೆ ಅಂತ ನಂಬಿಕೆ. ಸೊಪ್ಪನ್ನು ತೊಳೆದು, ಮುಳುಗುವಷ್ಟು ನೀರಲ್ಲಿ ಕುದಿಸಿ. ನೀರು ಗಾಢ ನೇರಳೆಗೆ ತಿರುಗುತ್ತದೆ. ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು, ಏಲಕ್ಕಿ ಹಾಕಿದರೆ ಪಾಯಸ. ಹೊಸಬರಿಗೆ ಒಂದು ಮಾತು ಮೊದಲೇ ಹೇಳಿಬಿಡಿ. ಇದನ್ನು ಉಂಡ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ನನಗೆ ಯಾರೂ ಹೇಳಿರಲಿಲ್ಲ. ಮೊದಲ ವರ್ಷ ಬೆಳಗಿನ ಜಾವ ಗಂಡನನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡಿಸಿದ್ದೆ.

ಕರೆಂಟ್ ಮತ್ತು ಜಿಗಣೆ

ಕರೆಂಟ್ ಹೋಗುತ್ತದೆ, ಅದರಲ್ಲಿ ಅನುಮಾನ ಬೇಡ. ಇನ್ವರ್ಟರ್ ಬ್ಯಾಟರಿಗೆ ಮೇ ತಿಂಗಳಲ್ಲೇ ಡಿಸ್ಟಿಲ್ಡ್ ವಾಟರ್ ಹಾಕಿ. ಎರಡು ಟಾರ್ಚ್, ಒಂದು ಪವರ್ ಬ್ಯಾಂಕ್, ತುಂಬಿದ ಎರಡನೇ ಸಿಲಿಂಡರ್. ತೋಟದಲ್ಲಿ ತಂತಿ ಬಿದ್ದಿದ್ದರೆ ಅದು ಸತ್ತಿದೆ ಅಂತ ಅಂದುಕೊಳ್ಳಬೇಡಿ. ದೂರ ನಿಂತು 1912ಕ್ಕೆ ಹೇಳಿ.

ಜಿಗಣೆಗೆ ಹೊಗೆಸೊಪ್ಪು ನೆನೆಸಿದ ನೀರಲ್ಲಿ ಕಾಲುಚೀಲ ಅದ್ದಿ ಒಣಗಿಸಿ ಹಾಕಿಕೊಳ್ಳಿ. ಕಚ್ಚಿದ್ದನ್ನು ಎಳೆಯಬೇಡಿ, ಸುಡಬೇಡಿ. ಉಗುರನ್ನು ಅದರ ಬಾಯಿಯ ಅಡಿಗೆ ಜಾರಿಸಿದರೆ ತಾನೇ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಏನೋ ಬಿಟ್ಟಿರುತ್ತದೆ, ಅದಕ್ಕೇ ತುಂಬಾ ಹೊತ್ತು ಹರಿಯುತ್ತದೆ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿಹಿಡಿದರೆ ಸಾಕು. ಗದ್ದೆ ಕೆಸರಿಗೆ ಇಳಿಯುವವರು ಗಮ್‌ಬೂಟ್ ಹಾಕಿ. ಕಾಲಲ್ಲಿ ಗಾಯ ಇದ್ದು, ಒಂದೆರಡು ವಾರದೊಳಗೆ ಜೋರು ಜ್ವರ, ಮೀನಖಂಡದ ನೋವು ಬಂದರೆ ಇಲಿಜ್ವರ ಇರಬಹುದು. ಡಾಕ್ಟರಿಗೆ ಗದ್ದೆಗೆ ಇಳಿದಿದ್ದನ್ನೂ ಹೇಳಿ.

ಕೈಲ್‌ಪೋದ್ ಆದ ಮೇಲೆ

ಸೆಪ್ಟೆಂಬರ್ 3ರ ಕೈಲ್‌ಪೋದ್, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬದ, ಹೊತ್ತಿಗೆ ಮಳೆ ನಡುನಡುವೆ ಉಸಿರು ಬಿಡುತ್ತದೆ. ಮೊದಲ ಗಟ್ಟಿ ಬಿಸಿಲು ಬಿದ್ದ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಹಾಸಿಗೆ, ಕಂಬಳಿ, ದಿಂಬು ಎಲ್ಲ ಕಣಕ್ಕೆ ಬರಲಿ. ಬೀರುವಿನ ಬಾಗಿಲು ಸಂಜೆವರೆಗೆ ತೆರೆದೇ ಇರಲಿ. ನೆನಪು ಹಸಿಯಾಗಿರುವಾಗಲೇ ಅಟ್ಟ ಹತ್ತಿ, ಈ ವರ್ಷ ಎಲ್ಲೆಲ್ಲಿ ಪಾತ್ರೆ ಇಟ್ಟಿದ್ದಿರೋ ಆ ಜಾಗದ ರೀಪಿಗೆ ಸೀಮೆಸುಣ್ಣದ ಗುರುತು ಹಾಕಿ ಬನ್ನಿ. ಏಪ್ರಿಲ್‌ವರೆಗೂ ಅದು ಅಳಿಸುವುದಿಲ್ಲ.